ಜುಲೈ ತಿಂಗಳ ಖಾಲಿ ಜಾಗ

ಮಾರ್ಲ್‌ಬ್ರುಕ್ ಹಳ್ಳಿಯಲ್ಲಿ ಗಂಡಸರಿಗೆ ತರಕಾರಿ, ಹೆಂಗಸರಿಗೆ ಹೂವು. ಹೀಗಂತ ಯಾರೂ ಕಾಯಿದೆ ಮಾಡಿಲ್ಲ, ಆದರೆ ಮೀರಿದವರೂ ಇಲ್ಲ. ಪ್ರತಿ ಮನೆಯ ಹಿತ್ತಲಲ್ಲೂ ಅಡುಗೆಮನೆ ಬಾಗಿಲಿನಿಂದ ಸಾಮಾನಿನ ಶೆಡ್ಡಿನವರೆಗೆ ಒಂದು ಕಾಲುದಾರಿ ಇದೆ. ಅದರ ಒಂದು ಬದಿಯಲ್ಲಿ ಗಂಡ ಆಲೂಗಡ್ಡೆ ಅಗೆಯುತ್ತಾನೆ, ಇನ್ನೊಂದು ಬದಿಯಲ್ಲಿ ಹೆಂಡತಿ ಗುಲಾಬಿ ಸವರುತ್ತಾಳೆ. ಒಬ್ಬರ ಬದಿಗೆ ಇನ್ನೊಬ್ಬರು ಬಾಯಿ ಹಾಕುವುದಿಲ್ಲ, ಕೈಯಂತೂ ಹಾಕುವುದೇ ಇಲ್ಲ. ಈ ಊರಿನಲ್ಲಿ ಇಷ್ಟೊಂದು ಸಂಸಾರಗಳು ಒಡೆಯದೆ ಉಳಿದಿರುವುದು ಪಾದ್ರಿಯ ಉಪದೇಶದಿಂದಲ್ಲ, ಈ ಕಾಲುದಾರಿಯಿಂದ.

ಕ್ಲಿಫರ್ಡ್ ಬೀವನ್ ಮೂವತ್ನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಬದಿಯಲ್ಲಿ ಬೀನ್ಸು, ಕ್ಯಾರೆಟ್ಟು, ಎಲ್ಲಕ್ಕಿಂತ ಮುಖ್ಯವಾಗಿ ಲೀಕು. ಲೀಕು ಅಂದರೆ ಈರುಳ್ಳಿಯ ದಾಯಾದಿ, ಮುಂಗೈ ದಪ್ಪದ ಬಿಳಿ ಕಾಂಡದ್ದು, ಸೂಪಿಗೆ ಹಾಕುವಂಥದ್ದು. ಸೆಪ್ಟೆಂಬರಿನ ತರಕಾರಿ ಪ್ರದರ್ಶನದಲ್ಲಿ ಅವನ ಲೀಕಿಗೆ ಆರು ಸಲ ಮೊದಲ ಬಹುಮಾನ ಬಂದಿದೆ, ಏಳನೆಯ ಸಲ ಬರಬೇಕಾಗಿದ್ದದ್ದು ತೀರ್ಪುಗಾರರ ಕಣ್ಣು ಮಂಜಾಗಿದ್ದರಿಂದ ತಪ್ಪಿಹೋಯಿತು ಎಂದು ಅವನು ಇವತ್ತಿಗೂ ಹೇಳುತ್ತಾನೆ. ಹೆಂಡತಿ ಮೇವಿಸ್ ಊರ ಶಾಲೆಯ ಅಡುಗೆಮನೆಯ ಯಜಮಾನಿಯಾಗಿದ್ದವಳು. ಅವಳು ಸೌಟು ಎತ್ತಿದರೆ ನೂರೆಂಬತ್ತು ಮಕ್ಕಳು ಗಪ್‌ಚಿಪ್. ಅವಳ ಬದಿಯಲ್ಲಿ, ಗೋಡೆಯುದ್ದಕ್ಕೂ, ಐದು ಮಾರು ಉದ್ದದ ಹೂಪಾತಿ.

ಜುಲೈ ಎರಡನೇ ಭಾನುವಾರ ಊರಿನ ಹನ್ನೊಂದು ಮನೆಯವರು ಹಿತ್ತಲ ಬಾಗಿಲು ತೆರೆದಿಡುತ್ತಾರೆ. ಸುತ್ತಮುತ್ತಲ ಜನ ಬಂದು, ಚರ್ಚಿನ ಚಾವಣಿಗೆಂದು ಡಬ್ಬಿಗೆ ಒಂದಿಷ್ಟು ಹಾಕಿ, ಬೇರೆಯವರ ಹೂವನ್ನು ಬಾಯಿ ತುಂಬ ಹೊಗಳಿ, ಚಹಾ ಕುಡಿದು, ತಮ್ಮ ಮನೆಯ ಹೂವೇ ವಾಸಿ ಅಂದುಕೊಳ್ಳುತ್ತ ಹಿಂದಿರುಗುತ್ತಾರೆ. ಮೇವಿಸಳ ಹಿತ್ತಲಿಂದ ಹೊರಟವರು ಮಾತ್ರ ಹಾಗೆ ಅಂದುಕೊಳ್ಳುವುದಕ್ಕೆ ಸ್ವಲ್ಪ ಕಷ್ಟಪಡಬೇಕಾಗುತ್ತಿತ್ತು. ಹದಿನಾಲ್ಕು ವರ್ಷದಿಂದ ಹೀಗೇ ನಡೆದುಕೊಂಡು ಬಂದಿತ್ತು.

ಈ ವರ್ಷ ಏಪ್ರಿಲ್ ಕೊನೆಯಲ್ಲಿ ಮೇವಿಸ್ ಪರದೆ ಸಿಕ್ಕಿಸಲು ಸ್ಟೂಲು ಹತ್ತಿದವಳು ಸ್ಟೂಲಿನ ಸಮೇತ ಕೆಳಗೆ ಬಂದಳು. ಸೊಂಟದ ಕೀಲು ಮುರಿಯಿತು, ಆಪರೇಷನ್ ಆಯಿತು. ಮಹಡಿ ಮೆಟ್ಟಿಲು ಹತ್ತುವಂತಿಲ್ಲ ಎಂದು ಅಕ್ಕ ಈನಿಡ್ ಅವಳನ್ನು ತನ್ನ ಮಹಡಿಯಿಲ್ಲದ ಮನೆಗೆ ಕರೆದುಕೊಂಡು ಹೋದಳು. ಅಲ್ಲಿಂದ ದಿನಾ ಸಂಜೆ ಆರಕ್ಕೆ ಸರಿಯಾಗಿ ಫೋನ್ ಬರುತ್ತಿತ್ತು. ಕ್ಲಿಫರ್ಡ್ ಊಟ ಮಾಡಿದನೋ ಇಲ್ಲವೋ ಎಂಬುದು ಕೊನೆಯ ಪ್ರಶ್ನೆ. ಮೊದಲೆಲ್ಲ ಹೂಪಾತಿಯ ವಿಚಾರಣೆ.

ಮೇ ತಿಂಗಳ ಕೊನೆಯಲ್ಲಿ ಈ ಕಡೆಯ ಹೂಪಾತಿಗಳಿಗೆಲ್ಲ ಕ್ಷೌರವಾಗುತ್ತದೆ. ಬೇಸಿಗೆಯ ಕೊನೆಗೆ ಹೂ ಬಿಡುವ ಗಿಡಗಳನ್ನು ಆರಿಸಿ ಅರ್ಧಕ್ಕೆ ಕತ್ತರಿಸುತ್ತಾರೆ. ಕತ್ತರಿಸಿದ ಗಿಡ ಪೊದೆಯಾಗಿ ಹಬ್ಬಿ, ತಡವಾಗಿ, ಹೆಚ್ಚಾಗಿ ಹೂ ಬಿಡುತ್ತದೆ. ಮೇವಿಸ್ ಫೋನಿನಲ್ಲಿ ನಾಲ್ಕೇ ನಾಲ್ಕು ಹೆಸರು ಹೇಳಿದಳು. ಕ್ಲಿಫರ್ಡ್ ಬರೆದುಕೊಂಡ. ಮರುದಿನ ಕತ್ತರಿ ಹಿಡಿದು, ಯಾರೋ ನೋಡುತ್ತಿದ್ದಾರೇನೋ ಎಂಬಂತೆ ಆಚೀಚೆ ಕಣ್ಣಾಡಿಸಿ, ಕಾಲುದಾರಿ ದಾಟಿದ. ನಾಲ್ಕನ್ನೂ ಸರಿಯಾಗಿ ಹುಡುಕಿ ಅರ್ಧಕ್ಕೆ ಕತ್ತರಿಸಿದ. ಅಲ್ಲಿಗೆ ನಿಲ್ಲಿಸಿ ಶೆಡ್ಡಿಗೆ ಹೋಗಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ.

ಆದರೆ ಅವನು ಎರಡು ಹೆಜ್ಜೆ ಹಿಂದೆ ಬಂದು ನೋಡಿದ. ಇಲ್ಲಿ ಮೊಣಕಾಲೆತ್ತರ, ಅಲ್ಲಿ ಸೊಂಟದೆತ್ತರ. ಕ್ಷೌರದವನು ಅರ್ಧ ತಲೆ ಬೋಳಿಸಿ ಊಟಕ್ಕೆ ಎದ್ದು ಹೋದ ಹಾಗೆ ಕಾಣುತ್ತಿತ್ತು. ಲೀಕಿನ ಸಾಲನ್ನು ನೂಲು ಕಟ್ಟಿ ನೆಡುವ ಮನುಷ್ಯನಿಗೆ ಇದನ್ನು ಸಹಿಸಲಾಗಲಿಲ್ಲ. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಯಾಕೆ ಎಂದು, ಮುಳ್ಳಿನ ಗುಲಾಬಿಯೊಂದನ್ನು ಬಿಟ್ಟು ಈ ತುದಿಯಿಂದ ಆ ತುದಿಯವರೆಗೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದ. ವರ್ಷಕ್ಕೆ ಆಳೆತ್ತರದ ಒಂದೇ ಒಂದು ಹೂದಂಟು ಎತ್ತುವ ನೀಲಿ ಡೆಲ್ಫಿನಿಯಂ, ಮೊಗ್ಗು ಕಟ್ಟಿದ್ದ ಲಿಲ್ಲಿ, ಗಂಟೆ ಹೂವು, ಎಲ್ಲದರ ತಲೆಯೂ ಹೋಯಿತು. ಆ ಸಂಜೆ ಮೇವಿಸ್ ಕೇಳಿದಾಗ ಹೆಮ್ಮೆಯಿಂದಲೇ ಹೇಳಿದ: "ಕತ್ತರಿಸಿದೆ. ನೂಲು ಹಿಡಿದ ಹಾಗಿದೆ."

ಜೂನ್ ಅರ್ಧ ಕಳೆದಾಗ ಗೋಡೆಯಾಚೆಯ ಮನೆಯ ಗ್ಲೆನಿಸ್ ವಿಷಯ ಬಿಡಿಸಿ ಹೇಳಿದಳು. ಮೂವತ್ತು ವರ್ಷದಿಂದ ನೆರೆಯವಳು, ಗೋಡೆಯ ಮೇಲೆ ಮೊಣಕೈ ಊರಿ ನಿಂತರೆ ಒಂದು ಗಂಟೆಗೆ ಕಮ್ಮಿ ಇಳಿಸುವವಳಲ್ಲ.

"ಕ್ಲಿಫ್, ನಿಮ್ಮ ಡೆಲ್ಫಿನಿಯಂ ಯಾಕೆ ಏಳ್ಲಿಲ್ಲ?"

"ಏಳತ್ತೆ. ಎಲ್ಲ ಕತ್ತರಿಸಿದೀನಿ, ಪೊದೆ ಆಗಿ ಬರತ್ತೆ."

ಗ್ಲೆನಿಸ್ ಗೋಡೆಯ ಮೇಲಿಂದ ಇನ್ನಷ್ಟು ಬಾಗಿ ಪಾತಿ ನೋಡಿದಳು. "ಎಲ್ಲ ಅಂದ್ರೆ, ಎಲ್ಲಾನೂ?"

"ಎಲ್ಲಾನೂ."

"ಅಯ್ಯೋ ದೇವ್ರೇ. ಈ ವರ್ಷಕ್ಕೆ ಅದರ ಕತೆ ಮುಗೀತಲ್ಲೋ. ನಾಲ್ಕು ಗಿಡ ಆಗಸ್ಟಲ್ಲಿ ಹೂ ಬಿಡತ್ತೆ. ಮಿಕ್ಕಿದ್ದು ಬರೀ ಸೊಪ್ಪು. ಮಸ್ಸೊಪ್ಪು ಮಾಡ್ಕೊಂಡು ತಿನ್ನು."

ಅವಳು ಹೇಳಿದ್ದು ನಿಜವೇ ಆಗಿತ್ತು. ಪಾತಿಯ ಎರಡು ತುದಿಯಲ್ಲಿ ಗುಲಾಬಿ ಇತ್ತು, ನಡುವೆ ಎಂಟು ಹೆಜ್ಜೆಯಷ್ಟು ಜಾಗದಲ್ಲಿ ಹಸಿರು ಎಲೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಅವನು ಫೋನಿನಲ್ಲಿ "ಎಲ್ಲ ಚೆನ್ನಾಗಿದೆ" ಅನ್ನುವುದನ್ನು ಬಿಡಲಿಲ್ಲ. ಹಾಸಿಗೆಯಲ್ಲಿ ಇರುವವಳಿಗೆ ಯಾಕೆ ಬೇಸರ ಅಂತ ಶುರು ಮಾಡಿದ್ದ ಸುಳ್ಳು, ಈಗ ನಿಲ್ಲಿಸುವುದಕ್ಕೆ ಧೈರ್ಯ ಸಾಲದೆ ಮುಂದುವರಿದಿತ್ತು.

ಜುಲೈ ಮೊದಲ ಭಾನುವಾರದ ಸಂಜೆ ಮೇವಿಸ್ ಫೋನ್ ಮಾಡಿದಾಗ ಅವಳ ದನಿ ಎಂದಿನಂತಿರಲಿಲ್ಲ.

"ಡಾಕ್ಟ್ರು ಇನ್ಮೇಲೆ ಮಂಡಿಯೂರಬಾರ್ದು ಅಂದ್ರು, ಕ್ಲಿಫ್."

"ಅದಕ್ಕೇನಂತೆ? ಚರ್ಚಲ್ಲೂ ನೀನು ಕೂತ್ಕೊಂಡೇ ಇರ್ತೀಯಲ್ಲ."

"ತಮಾಷೆ ಬೇಡ. ಮಂಡಿಯೂರದೆ ಹೂಪಾತಿ ನೋಡ್ಕೊಳ್ಳೋಕೆ ಆಗಲ್ಲ. ಶನಿವಾರ ಮನೆಗೆ ಬರ್ತೀನಿ, ಭಾನುವಾರ ಜನ ಬಂದು ಹೋಗ್ಲಿ. ಆಮೇಲೆ ಎಲ್ಲ ಕಿತ್ತಾಕಿ ಹುಲ್ಲು ಹಾಸ್ಬಿಡೋಣ ಅಂತಿದೀನಿ. ಅದು ದಿನಾ ಹಾಳಾಗೋದನ್ನ ಕಿಟಕೀಲಿ ನೋಡ್ತಾ ಕೂರೋದು ನನ್ನ ಕೈಲಾಗಲ್ಲ."

"ನಾನಿದೀನಲ್ಲ."

"ನೀನು ಲೀಕ್ ನೋಡ್ಕೋತೀಯ. ಹೂವಿನ ಮೇಲೆ ನಿಂಗೆ ಯಾವತ್ತು ಆಸೆ ಇತ್ತು? ತಪ್ಪು ಅಂತ ಹೇಳ್ತಿಲ್ಲ. ಇಲ್ಲ ಅಂತ ಹೇಳ್ತಿದೀನಿ ಅಷ್ಟೆ."

ಫೋನ್ ಇಟ್ಟ ಮೇಲೆ ಕ್ಲಿಫರ್ಡ್ ಹಿತ್ತಲ ಮೆಟ್ಟಿಲ ಮೇಲೆ ಕುಳಿತ. ಹುಲ್ಲು ಹಾಸುವುದು ದೊಡ್ಡ ಕೆಲಸವೇನಲ್ಲ, ಎರಡು ದಿನ ಸಾಕು. ಆಮೇಲೆ? ಮೇವಿಸ್ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಕಂಬಳಿ ಹೊದ್ದು, ಹುಲ್ಲು ನೋಡುತ್ತ ಕೂರುತ್ತಾಳೆ. ಯಾರ ಮೇಲೂ ರೇಗುವುದಿಲ್ಲ. ಆ ಚಿತ್ರ ಕಣ್ಣ ಮುಂದೆ ಬಂದದ್ದೇ ಅವನಿಗೆ ದಿಗಿಲಾಯಿತು. ಅವಳ ಸೊಂಟ ಮುರಿದ ದಿನ ಕೂಡ ಅಷ್ಟು ದಿಗಿಲಾಗಿರಲಿಲ್ಲ. ಹೂಪಾತಿ ಇದ್ದರೆ ಅವಳು ಮೇವಿಸ್, ಹುಲ್ಲಾದರೆ ಬರೀ ಸೊಂಟ ಮುರಿದ ಮುದುಕಿ. ಶನಿವಾರ ಅವಳು ಬರುವುದರೊಳಗೆ ಆ ಎಂಟು ಹೆಜ್ಜೆ ಜಾಗ ತುಂಬಬೇಕು, ಅದೂ ಅವಳು ಒಪ್ಪುವ ಹಾಗೆ.

ಸೋಮವಾರ ಬೆಳಿಗ್ಗೆಯೇ ಪೇಟೆಯ ದೊಡ್ಡ ಅಂಗಡಿಗೆ ಹೋದ. ಹೂವು ಬೇಕು ಎಂದು ಹೊರಟ ಹೊಸಬರೆಲ್ಲ ಮಾಡುವುದನ್ನೇ ಅವನೂ ಮಾಡಿದ. ಆವತ್ತು ಅಂಗಡಿಯಲ್ಲಿ ಯಾವ್ಯಾವುದು ಅರಳಿ ನಿಂತಿತ್ತೋ ಅದೆಲ್ಲದರಲ್ಲಿ ಒಂದೊಂದು ತೆಗೆದುಕೊಂಡ. ಕೆಂಪು ಬಿಗೋನಿಯಾ, ಕಡುನೇರಳೆ ಪೆಟೂನಿಯಾ, ಹಳದಿ ಚೆಂಡುಹೂವು, ಇನ್ನೂ ಏನೇನೋ, ಒಟ್ಟು ಇಪ್ಪತ್ತೆರಡು. ಮಧ್ಯಾಹ್ನದೊಳಗೆ ಎಲ್ಲವನ್ನೂ ಸಮ ಅಂತರದಲ್ಲಿ ಸಾಲಾಗಿ ನೆಟ್ಟ.

ಗೋಡೆಯ ಮೇಲೆ ಮೊಣಕೈ ಪ್ರತ್ಯಕ್ಷವಾಯಿತು.

"ಇದೇನು, ಬಸ್ ಸ್ಟಾಪಾ? ಒಬ್ಬರ ಪರಿಚಯ ಒಬ್ಬರಿಗಿಲ್ಲದ ಹಾಗೆ ನಿಂತಿದಾವಲ್ಲ."

"ಎಲ್ಲಾದ್ರಲ್ಲೂ ಹೂವಿದೆ, ಗ್ಲೆನಿಸ್."

"ಹೂವಿದೆ. ಮೇವಿಸ್ ನೋಡಿದ್ರೆ ಇನ್ನೊಂದು ಸೊಂಟಾನೂ ಮುರ್ಕೋತಾಳೆ. ಗುಡ್ಡದ ಮೇಲೆ ಹೆಸ್ಟರ್ ಹತ್ರ ಹೋಗು. ಬಯ್ತಾಳೆ, ಬಯ್ಸಿಕೋ. ಕೆಲಸ ಆಗತ್ತೆ."

ಹೆಸ್ಟರ್ ಪ್ರಾಬರ್ಟ್ ಗುಡ್ಡದ ಮೇಲೆ ಎರಡು ಗಾಜಿನ ಮನೆ, ಒಂದು ಮುದಿ ನಾಯಿ ಇಟ್ಟುಕೊಂಡು ನರ್ಸರಿ ನಡೆಸುವವಳು. ಗಿರಾಕಿಗೆ ಗಿಡ ಮಾರುವುದಕ್ಕಿಂತ ಮಾರದೆ ವಾಪಸು ಕಳಿಸುವುದರಲ್ಲಿ ಅವಳಿಗೆ ಸುಖ ಹೆಚ್ಚು. ಮಂಗಳವಾರ ಕ್ಲಿಫರ್ಡ್ ಟೋಪಿ ಕೈಯಲ್ಲಿ ಹಿಡಿದು ನಿಂತಾಗ ಅವಳು ಮಣ್ಣು ಕಲಸುವುದನ್ನು ನಿಲ್ಲಿಸಲಿಲ್ಲ.

"ಈಗ ಹೂ ಬಿಡೋ ಅಂಥದ್ದು ಬೇಕಿತ್ತು" ಅಂದ.

"ಜುಲೈನಲ್ಲಿ ಎಲ್ಲರಿಗೂ ಅದೇ ಬೇಕು. ಖಾಲಿ ಎಷ್ಟಿದೆ?"

"ಎರಡು ಸೀಟ್ ಅಗಲ. ಉದ್ದ ಒಂದು ಆರು ಸೀಟ್ ಆಗ್ಬಹುದು."

"ಬಸ್ಸಿನ ಲೆಕ್ಕದಲ್ಲಾ? ಆಯ್ತು. ಮಣ್ಣು ಎಂಥದ್ದು?"

ಮಣ್ಣಿನ ವಿಷಯ ಬಂದಾಗ ಕ್ಲಿಫರ್ಡನಿಗೆ ನಾಲಿಗೆ ಬಂತು. ಒಂದೂವರೆ ಅಡಿಯವರೆಗೆ ಏನಿದೆ, ಅದರ ಕೆಳಗೆ ಏನಿದೆ, ಯಾವ ವರ್ಷ ಎಷ್ಟು ಗೊಬ್ಬರ ಬಿತ್ತು, ಎಲ್ಲ ಹೇಳಿದ. ಹೆಸ್ಟರ್ ಕೈ ಒರೆಸಿಕೊಂಡು ಮೊದಲ ಸಲ ತಲೆಯೆತ್ತಿದಳು.

"ಮೇವಿಸ್ ಆ ಪಾತೀನ ಎಲ್ಲಿ ನಿಂತು ನೋಡ್ತಾಳೆ?"

ಇದೆಂಥ ಪ್ರಶ್ನೆ ಎಂದು ಅವನು ಯೋಚಿಸಿದ. "ಪಾತ್ರೆ ತೊಳೀತಾ. ಸಿಂಕ್ ಮುಂದೆ ಕಿಟಕಿ ಇದೆ."

"ಯಾವ ಹೊತ್ತಲ್ಲಿ?"

"ಊಟ ಆದ್ಮೇಲೆ. ಎಂಟು ಗಂಟೆ ಅಷ್ಟೊತ್ತಿಗೆ."

"ಹಾಗಾದ್ರೆ ಇವತ್ತು ನಿಮಗೆ ಗಿಡ ಇಲ್ಲ. ಎಂಟು ಗಂಟೆಗೆ ಅದೇ ಜಾಗದಲ್ಲಿ ನಿಂತ್ಕೊಳ್ಳಿ. ಏನು ಕಾಣತ್ತೆ, ಏನು ಕಾಣಲ್ಲ, ನೋಡಿ. ನಾಳೆ ಬಂದು ನನಗೆ ಹೇಳಿ."

"ಶನಿವಾರ ಅವಳು ಬರ್ತಾಳೆ, ಮಿಸ್ ಪ್ರಾಬರ್ಟ್."

"ಅದಕ್ಕೇ ಹೇಳ್ತಿದೀನಿ. ಇನ್ನೊಂದ್ಸಲ ತಪ್ಪು ಮಾಡೋಕೆ ನಿಮ್ಮ ಹತ್ರ ಟೈಮ್ ಇಲ್ಲ."

ಎರಡು ತಿಂಗಳಿಂದ ಕ್ಲಿಫರ್ಡ್ ತನ್ನ ತಟ್ಟೆ ತಾನೇ ತೊಳೆಯುತ್ತಿದ್ದ. ಆದರೆ ತೊಳೆಯುವಾಗ ತಟ್ಟೆಯನ್ನೇ ನೋಡುತ್ತಿದ್ದ. ಆ ಸಂಜೆ ಎಂಟಕ್ಕೆ ನಲ್ಲಿ ನಿಲ್ಲಿಸಿ, ಕೈ ಸಿಂಕಿನ ಅಂಚಿಗೆ ಊರಿ, ಹೊರಗೆ ನೋಡಿದ. ಬಿಸಿಲು ಗ್ಲೆನಿಸಳ ಮನೆಯ ಹಿಂದಕ್ಕೆ ಸರಿದಿತ್ತು, ಆಕಾಶದಲ್ಲಿ ಮಾತ್ರ ಬೆಳಕಿತ್ತು. ಅವನು ಆಸೆಪಟ್ಟು ತಂದ ಕೆಂಪು ಬಿಗೋನಿಯಾ ಇದ್ದಲಿನಂತೆ ಕಪ್ಪಾಗಿತ್ತು. ಕಡುನೇರಳೆ ಪೆಟೂನಿಯಾ ಇರುವ ಗುರುತೇ ಸಿಗಲಿಲ್ಲ. ಬೆಳಗುತ್ತಿದ್ದದ್ದು ಎರಡು ತುದಿಯಲ್ಲಿದ್ದ ಮೇವಿಸಳ ತಿಳಿಬಣ್ಣದ ಗುಲಾಬಿ, ಮತ್ತೆ ಗೋಡೆ ಹತ್ತಿ ಈಚೆ ಇಣುಕಿದ್ದ ಗ್ಲೆನಿಸಳ ಬಿಳಿ ಗುಲಾಬಿ, ಅಷ್ಟೇ.

ಮದುವೆಯಾದ ನಲವತ್ತೊಂದು ವರ್ಷವೂ ಅವನು ಊಟವಾದ ಮೇಲೆ "ಒರೆಸ್ಲಾ?" ಎಂದು ಕೇಳುತ್ತಿದ್ದ, ಅವಳು "ಬೇಡ, ಹೋಗಿ ಟಿ.ವಿ. ನೋಡು" ಎನ್ನುತ್ತಿದ್ದಳು. ಪಾತ್ರೆ ತೊಳೆಯುವುದೆಂದರೆ ಅವಳಿಗೆ ಇಷ್ಟ ಎಂದೇ ಅವನು ತಿಳಿದಿದ್ದ. ಇಡೀ ದಿನ ಶಾಲೆಯ ಹಂಡೆಗಳ ಜೊತೆ ಗುದ್ದಾಡಿ ಬಂದವಳಿಗೆ ಪಾತ್ರೆ ಯಾಕೆ ಇಷ್ಟವಾಗಬೇಕು? ಅವಳು ಹೂಪಾತಿ ಮಾಡಿಕೊಂಡಿದ್ದೇ ಈ ಕಿಟಕಿಗೆ, ಈ ಹೊತ್ತಿಗೆ. ಗೊತ್ತಾದಾಗ ಅವನಿಗೆ ಒಂದು ಕಡೆ ಚುಚ್ಚಿದಂತಾಯಿತು, ಇನ್ನೊಂದು ಕಡೆ ಅವಳ ಮೇಲೆ ಇನ್ನಿಲ್ಲದ ಅಕ್ಕರೆ ಬಂತು. ಆ ತಟ್ಟೆಯನ್ನು ಅವನು ಎರಡು ಸಲ ತೊಳೆದ.

ಬುಧವಾರ ಹೆಸ್ಟರ್‌ಗೆ ವರದಿ ಒಪ್ಪಿಸಿದ: "ಕೆಂಪು ಕಾಣಲ್ಲ. ಗಾಢ ನೇರಳೆ ಕಾಣಲ್ಲ. ಬಿಳಿ ಕಾಣತ್ತೆ. ತಿಳಿ ಬಣ್ಣದ್ದು ಯಾವುದಾದ್ರೂ ಕಾಣತ್ತೆ."

"ಈಗ ಆರಿಸಿ" ಅಂದಳು ಹೆಸ್ಟರ್. "ನಾನು ಬಾಯಿ ಬಿಡಲ್ಲ."

ಅವಳು ಬಾಯಿ ಬಿಡಲಿಲ್ಲ, ಕೆಮ್ಮಿದಳು. ಅವನು ಹಳದಿಯ ಹತ್ತಿರ ನಿಂತರೆ ಕೆಮ್ಮು. ಒಂದೊಂದೇ ಕುಂಡ ಎತ್ತಿಕೊಂಡರೆ ಕೆಮ್ಮು. ಕೊನೆಗೆ ತಡೆಯಲಾರದೆ, "ಒಂದು ಗಿಡ ಅಂದ್ರೆ ಅನಾಥ. ಏಳು ತಗೊಳ್ಳಿ, ಐದು ತಗೊಳ್ಳಿ, ಗುಂಪಲ್ಲಿ ಹಾಕಿ. ಅವಕ್ಕೂ ಮಾತಾಡೋಕೆ ಯಾರಾದ್ರೂ ಬೇಕು" ಅಂದಳು. ಅವನು ಒಂದು ಗಂಟೆ ಸಾಲುಗಳ ನಡುವೆ ಓಡಾಡಿದ. ಬಿಳಿ ಕಾಸ್ಮಾಸ್ ಏಳು ಆರಿಸಿದ, ಎಲೆ ತೆಳುವಾಗಿ ಗಾಳಿಗೆ ಅಲ್ಲಾಡುತ್ತದೆ, ಭಾರವೆನಿಸುವುದಿಲ್ಲ ಎಂದು. ಮುಂದಿನ ಸಾಲಿಗೆ ತಿಳಿನೀಲಿ ಸ್ಕೇಬಿಯಸ್ ಐದು. ಆಮೇಲೆ ಹೊಗೆಸೊಪ್ಪಿನ ಜಾತಿಯ ಬಿಳಿ ಹೂವು ಒಂಬತ್ತು. ಹಗಲೆಲ್ಲ ಸೊರಗಿದಂತಿದ್ದು ಸಂಜೆಗೆ ಬಿಚ್ಚಿಕೊಂಡು ಪರಿಮಳ ಬಿಡುವಂಥದ್ದು. ಅದನ್ನು ಎತ್ತಿದಾಗ ಹೆಸ್ಟರ್ ಕೆಮ್ಮುವುದನ್ನು ಬಿಟ್ಟು ನಾಯಿಯ ತಲೆ ಸವರಿದಳು.

"ಹಿಂದಕ್ಕೆ ಏನು?" ಅವನು ಕೇಳಿದ. "ಡೆಲ್ಫಿನಿಯಂ ಇದ್ದ ಜಾಗ. ಇವೆಲ್ಲ ಕುಳ್ಳು. ಗೋಡೆ ಬೋಳಾಗಿ ಕಾಣತ್ತೆ."

"ಅದೇ ತೊಂದ್ರೆ. ಎತ್ತರದ್ದು ನನ್ನ ಹತ್ರ ಇದ್ದಿದ್ದೆಲ್ಲ ಹೋದ ವಾರವೇ ಖಾಲಿ. ಈಗ ಎಲ್ಲೂ ಸಿಗಲ್ಲ. ಭುಜದ ಎತ್ತರಕ್ಕೆ ನೆಟ್ಟಗೆ ನಿಲ್ಲೋ ಅಂಥದ್ದು, ಮೇಲೆ ಗುಂಡಗೆ ತಿಳಿ ಬಣ್ಣದ ಹೂವು. ಅಂಥದ್ದು ಹತ್ತು ಇದ್ದಿದ್ರೆ ನಿಮ್ಮ ಪಾತಿಗೆ ಕಳೆ ಕಟ್ತಿತ್ತು."

ಕ್ಲಿಫರ್ಡ್ ಆಚೀಚೆ ನೋಡಿದ. ನರ್ಸರಿಯಲ್ಲಿ ಇನ್ನು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ದನಿ ತಗ್ಗಿಸಿ ಕೇಳಿದ:

"ತೆನೆ ಬಿಟ್ಟ ಲೀಕು ಆಗತ್ತಾ?"

ಆ ದನಿ ಯಾಕೆ ಎಂದರೆ, ಲೀಕು ಬೆಳೆಯುವವನ ಹಿತ್ತಲಲ್ಲಿ ಲೀಕು ಹೂ ಬಿಡುವುದು ಎಂದರೆ ಮಾನ ಹೋದಂತೆ. ಚಳಿಗಾಲ ಮುಗಿದು ವಸಂತ ಕಳೆಯುವುದರೊಳಗೆ ಅದನ್ನು ಕಿತ್ತು ತಿಂದು ಮುಗಿಸಬೇಕು. ಬಿಟ್ಟರೆ ನಡುವಿನಿಂದ ಗಟ್ಟಿ ದಂಟು ಎದ್ದು, ತುದಿಯಲ್ಲಿ ಹೂ ಕಟ್ಟಿ, ಲೀಕು ಮರದ ಕೊರಡಾಗುತ್ತದೆ. ಸೋಮಾರಿಗಳ ಮನೆಯಲ್ಲಿ ಆಗುವ ಕೆಲಸ ಅದು. ಈ ಸಲ ಮೇವಿಸ್ ಬಿದ್ದ ಗಲಾಟೆಯಲ್ಲಿ ಅವನ ಕೊನೆಯ ಸಾಲಿನ ಹದಿನೆಂಟು ಲೀಕು ಹಾಗೇ ಉಳಿದು, ಭುಜದೆತ್ತರ ಬೆಳೆದು, ಈಗ ಒಂದೊಂದೂ ಮುಷ್ಟಿಗಿಂತ ದೊಡ್ಡದಾದ ತಿಳಿನೇರಳೆ ಉಂಡೆ ಹೊತ್ತು ನಿಂತಿದ್ದವು. ಗೆಳೆಯರು ಬಂದರೆ ಕಾಣಬಾರದೆಂದು ಅವನು ಅವುಗಳ ಮುಂದೆ ಹಳೆಯ ಚಾಪೆ ಕಟ್ಟಿದ್ದ.

ಹೆಸ್ಟರ್ ನಗಲಿಲ್ಲ. "ಎಷ್ಟಿದಾವೆ?"

"ಹದಿನೆಂಟು."

"ಹನ್ನೊಂದು ತಗೊಳ್ಳಿ. ಬೇರಿನ ಸುತ್ತ ಮಣ್ಣು ಉದುರಬಾರ್ದು. ಬಿಸಿಲು ಇಳಿದ್ಮೇಲೆ ಕೀಳಿ, ನೀರು ಧಾರಾಳವಾಗಿ ಹಾಕಿ, ಕೋಲು ಕೊಟ್ಟು ನಿಲ್ಸಿ. ಮಾರನೇ ದಿನ ಜೋತು ಬೀಳತ್ತೆ. ಗಾಬರಿ ಆಗ್ಬೇಡಿ."

ಆ ಸಂಜೆ ಕ್ಲಿಫರ್ಡ್ ಲೀಕುಗಳನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಕಾಲುದಾರಿ ದಾಟಿದ. ಮಾರ್ಲ್‌ಬ್ರುಕ್‌ನಲ್ಲಿ ಯಾವ ತರಕಾರಿಯೂ ಅದುವರೆಗೆ ಆ ಕಡೆಯಿಂದ ಈ ಕಡೆಗೆ ಬಂದಿರಲಿಲ್ಲ.

"ಕ್ಲಿಫ್, ಹೂಪಾತಿ ಮಾಡ್ತಿದೀಯೋ, ಸೂಪ್ ಮಾಡ್ತಿದೀಯೋ?" ಗೋಡೆ ಕೇಳಿತು.

"ನಿಂಗೆ ಬಿಗೋನಿಯಾ ಬೇಕಾ, ಬೇಡವಾ?"

"ಬೇಕು" ಅಂದ ಗ್ಲೆನಿಸ್, ಅವನು ಕಿತ್ತುಕೊಟ್ಟ ಸೋಮವಾರದ ಇಪ್ಪತ್ತೆರಡು ಗಿಡವನ್ನೂ ಗೋಡೆಯಾಚೆಯಿಂದ ಕೈ ಚಾಚಿ ತೆಗೆದುಕೊಂಡಳು.

ಗಿಡಗಳನ್ನು ನೆಡುವ ಮೊದಲು ಕುಂಡಗಳ ಸಮೇತ ಇಟ್ಟು ನೋಡಿದ. ಇಟ್ಟ, ಒಳಗೆ ಹೋಗಿ ಸಿಂಕಿನ ಮುಂದೆ ನಿಂತು ನೋಡಿದ, ಹೊರಗೆ ಬಂದು ಒಂದು ಗೇಣು ಸರಿಸಿದ, ಮತ್ತೆ ಒಳಗೆ ಹೋದ. ಮೇವಿಸ್ ತನಗಿಂತ ಗಿಡ್ಡ ಎಂದು ನೆನಪಾಗಿ ಮಂಡಿ ಬಗ್ಗಿಸಿ ನೋಡಿದ, ಆಗ ಕಾಸ್ಮಾಸ್ ಹಿಂದಿನ ಲೀಕನ್ನು ಮುಚ್ಚುತ್ತಿತ್ತು. ಪುನಃ ಹೊರಗೆ. ಸಾಲಾಗಿ ಇಡಬೇಕೆಂದು ಕೈ ತುರಿಸುತ್ತಿತ್ತು, ತಡೆದುಕೊಂಡ. ಎಲ್ಲ ನೆಟ್ಟು ಮುಗಿಸಿ ಏಳುವಾಗ ಗೋಡೆ ಹಿಡಿದುಕೊಂಡು ಏಳಬೇಕಾಯಿತು. ಈ ಕೆಲಸವನ್ನು ಅವಳು ಇಷ್ಟು ವರ್ಷ ಹೇಗೆ ಮಾಡಿದಳೋ ಎಂದು ಅಚ್ಚರಿಯಾಯಿತು.

ಗುರುವಾರ ಲೀಕುಗಳು ಜೋತು ಬಿದ್ದವು. ಗಾಬರಿಯಾಗಬೇಡಿ ಎಂದಿದ್ದರೂ ಅವನಿಗೆ ಗಾಬರಿಯಾಯಿತು. ಆರು ಕ್ಯಾನು ನೀರು ಹೊತ್ತ, ಹಗಲೆಲ್ಲ ಹಳೆಯ ಬೆಡ್‌ಶೀಟು ಕಟ್ಟಿ ನೆರಳು ಮಾಡಿದ. ಶುಕ್ರವಾರ ಮಧ್ಯಾಹ್ನ ಹತ್ತು ತಲೆಯೆತ್ತಿದವು. ಹನ್ನೊಂದನೆಯದು ಶನಿವಾರ ಬೆಳಿಗ್ಗೆ, ಯಾರದೋ ಬಲವಂತಕ್ಕೆ ಎದ್ದ ಹಾಗೆ, ನಿಧಾನಕ್ಕೆ ನೆಟ್ಟಗಾಯಿತು.

ಶನಿವಾರ ಹನ್ನೊಂದಕ್ಕೆ ಈನಿಡಳ ಕಾರು ಬಂತು. ಮೇವಿಸ್ ಸಣ್ಣಗಾಗಿದ್ದಳು. ಕಾರಿನಿಂದ ಇಳಿದವಳು ಮನೆಯೊಳಗೆ ಹೋಗಲಿಲ್ಲ, ಊರುಗೋಲು ಹಿಡಿದು ನೇರ ಹಿತ್ತಲಿಗೆ ನಡೆದಳು. ಕ್ಲಿಫರ್ಡ್ ಅವಳ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಬಂದ. ಅವಳು ಒಂದು ತುದಿಯಿಂದ ನೋಡುತ್ತ ಬಂದು ನಡುವೆ ನಿಂತಳು. ಬಗ್ಗಿ ನೋಡಲಾಗದ್ದರಿಂದ ಊರುಗೋಲಿನ ತುದಿಯಿಂದ ಎಲೆ ಸರಿಸಿದಳು. ಅಲ್ಲಿ ಡೆಲ್ಫಿನಿಯಂನ ಕತ್ತರಿಸಿದ ಬುಡ ಕಾಣಿಸಿತು.

"ಇದನ್ನ ಯಾರು ಕತ್ತರಿಸಿ ಹಾಕಿದ್ದು?"

"ನಾನೇ."

"ಲಿಲ್ಲೀನೂ?"

"ಎಲ್ಲಾನೂ, ಮೇವ್. ಸಮ ಮಾಡೋಣ ಅಂತ."

"ದಿನಾ ಎಲ್ಲ ಚೆನ್ನಾಗಿದೆ ಅಂತ ಹೇಳ್ತಿದ್ದೆ."

"ಸುಳ್ಳು ಹೇಳ್ತಿದ್ದೆ."

ಅವಳು ಅವನ ಮುಖ ನೋಡಲಿಲ್ಲ. ಕಣ್ಣು ಕಾಸ್ಮಾಸಿನ ಮೇಲೆ ಹಾದು, ಸ್ಕೇಬಿಯಸ್ ಮೇಲೆ ಹಾದು, ಹಿಂದಕ್ಕೆ ಹೋಗಿ, ಮೇಲೆ ಏರಿತು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಣಗಟ್ಟಲೆ ಲೀಕು ಹೆಚ್ಚಿದವಳಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಇವು ನಿನ್ನ ಲೀಕು."

"ಹೂಂ."

"ಸರಿ" ಅಂದಳು. "ಕಾಲು ನೋಯ್ತಿದೆ. ಒಳಗೆ ಹೋಗೋಣ."

ಆ ದಿನ ಅವಳು ಹೂಪಾತಿಯ ಬಗ್ಗೆ ಇನ್ನೊಂದು ಮಾತಾಡಲಿಲ್ಲ. ಬೈದಿದ್ದರೆ ಕ್ಲಿಫರ್ಡ್ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ.

ಭಾನುವಾರ ಹವೆ ಚೆನ್ನಾಗಿತ್ತು, ಜನ ಎರಡು ಗಂಟೆಗೇ ಬರತೊಡಗಿದರು. ಮೇವಿಸ್ ಹೂಪಾತಿಯ ಮುಂದೆ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದಳು, ಕ್ಲಿಫರ್ಡ್ ಬೀನ್ಸಿನ ಪಕ್ಕ ಮೇಜು ಹಾಕಿ ಚಹಾ ಬಗ್ಗಿಸುತ್ತಿದ್ದ. ತರಕಾರಿ ಪ್ರದರ್ಶನದ ಇಬ್ಬರು ತೀರ್ಪುಗಾರರು ಅವನ ಮೇಜಿನ ಮುಂದೆಯೇ ಕೇಕು ತಿನ್ನುತ್ತ ನಿಂತಿದ್ದರು. ಆಗ ಹುಲ್ಲಿನ ಟೋಪಿ ಹಾಕಿ ನೋಟುಬುಕ್ಕು ಹಿಡಿದ ಪರವೂರಿನ ಹೆಂಗಸೊಬ್ಬಳು ಮೇವಿಸಳ ಮುಂದೆ ನಿಂತಳು. ಪ್ರತಿ ವರ್ಷ ಇಂಥ ಒಬ್ಬಳು ಬಂದೇ ಬರುತ್ತಾಳೆ.

"ಹಿಂದೆ ಎತ್ತರಕ್ಕಿದೆಯಲ್ಲ, ಅದು ಯಾವುದು? ನಾನು ಎಲ್ಲೂ ನೋಡಿಲ್ಲ. ಬಹಳ ಅಪರೂಪದ್ದು ಅನ್ಸತ್ತೆ."

ಕ್ಲಿಫರ್ಡನ ಕೈಯ ಚಹಾ ಪಾತ್ರೆ ಗಾಳಿಯಲ್ಲಿ ನಿಂತಿತು.

"ಅದು ನನ್ನ ಗಂಡಂದು" ಅಂದಳು ಮೇವಿಸ್. "ಅವನನ್ನೇ ಕೇಳಿ."

ಹದಿನಾಲ್ಕು ವರ್ಷದಲ್ಲಿ ಆ ಪಾತಿಯ ಯಾವ ಪ್ರಶ್ನೆಗೂ ಅವಳನ್ನು ಬಿಟ್ಟು ಬೇರೆಯವರು ಉತ್ತರ ಕೊಟ್ಟಿರಲಿಲ್ಲ. ಟೋಪಿಯವಳು ತಿರುಗಿದಳು, ತೀರ್ಪುಗಾರರೂ ತಿರುಗಿದರು. ಏನೋ ಲ್ಯಾಟಿನ್ ಹೆಸರು ಹೇಳಿ ತಪ್ಪಿಸಿಕೊಳ್ಳೋಣವೆಂದು ಒಂದು ಗಳಿಗೆ ಅನಿಸಿತು. ಆದರೆ ಮೇವಿಸ್ ಅವನನ್ನೇ ನೋಡುತ್ತಿದ್ದಳು.

"ಲೀಕು" ಅಂದ ಕ್ಲಿಫರ್ಡ್. "ಕೀಳೋದು ಮರ್ತು ತೆನೆ ಬಿಟ್ಟಿರೋದು."

ತೀರ್ಪುಗಾರರಲ್ಲಿ ಹಿರಿಯನ ಬಾಯಲ್ಲಿದ್ದ ಕೇಕು ಅಲ್ಲೇ ಉಳಿಯಿತು. ಟೋಪಿಯವಳು ಮಾತ್ರ ನೋಟುಬುಕ್ಕು ತೆರೆದು ಬರೆದುಕೊಂಡಳು.

"ಎಷ್ಟು ದಿನ ಮರೀಬೇಕು?"

"ಬಿತ್ತಿ ಹದಿನಾರು ತಿಂಗಳು ಆಗ್ಬೇಕು."

ಕುರ್ಚಿಯಿಂದ ಒಂದು ಸದ್ದು ಬಂತು. ಮೇವಿಸ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದಳು, ಭುಜ ಕುಣಿಯುತ್ತಿತ್ತು. ಸೊಂಟ ಹಿಡಿದುಕೊಂಡು ನಕ್ಕಳು. ನೋಯುತ್ತದೆ ಎಂದು ಹೇಳುತ್ತಲೇ ನಕ್ಕಳು. ಸಂಜೆಯೊಳಗೆ ಇನ್ನೂ ಏಳು ಜನ ಅದನ್ನೇ ಕೇಳಿದರು, ಏಳು ಸಲವೂ ಅವಳು "ಅವನನ್ನೇ ಕೇಳಿ" ಅಂದಳು. ನಾಲ್ಕನೆಯ ಸಲದ ಹೊತ್ತಿಗೆ ಕ್ಲಿಫರ್ಡನ ದನಿಯಲ್ಲಿ ಸ್ವಲ್ಪ ಜಂಬವೂ ಸೇರಿಕೊಂಡಿತು.

ಎಲ್ಲರೂ ಹೋದ ಮೇಲೆ ಇಬ್ಬರೂ ಉಳಿದ ಕೇಕನ್ನೇ ಊಟ ಮಾಡಿದರು. ಎಂಟು ಗಂಟೆಗೆ ಮೇವಿಸ್ ಎದ್ದು, ಊರುಗೋಲನ್ನು ಸಿಂಕಿನ ಅಂಚಿಗೆ ಒರಗಿಸಿ, ನಲ್ಲಿ ತಿರುಗಿಸಿದಳು.

"ಒರೆಸ್ಲಾ?" ಅಂದ ಕ್ಲಿಫರ್ಡ್, ಅಭ್ಯಾಸಬಲದಿಂದ.

"ಒರೆಸು."

ಅವನು ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಂತ. ಹೊರಗೆ ಕಾಸ್ಮಾಸ್ ಬೆಳ್ಳಗೆ ಅಲ್ಲಾಡುತ್ತಿತ್ತು, ಹಿಂದೆ ಲೀಕಿನ ಉಂಡೆಗಳು ಗೋಡೆಯ ಮೇಲೆ ತೇಲಿದಂತಿದ್ದವು. ಅರೆ ತೆರೆದ ಕಿಟಕಿಯಿಂದ ಹೊಗೆಸೊಪ್ಪಿನ ಹೂವಿನ ಪರಿಮಳ ಒಳಗೆ ಬಂತು. ಮೇವಿಸ್ ಒಂದೇ ಬಸಿಯನ್ನು ಬಹಳ ಹೊತ್ತು ತೊಳೆದಳು.

"ಕಾಸ್ಮಾಸ್ ಇನ್ನೊಂಚೂರು ಎಡಕ್ಕೆ ಬರಬಹುದಿತ್ತು."

"ಎಡಕ್ಕಿಟ್ರೆ ನಿನಗೆ ಲೀಕು ಕಾಣಲ್ಲ. ಮಂಡಿ ಬಗ್ಗಿಸಿ ನೋಡಿದೀನಿ."

"ಎಲ್ಲಿಂದ?"

"ಇಲ್ಲಿಂದಾನೇ."

ಅವಳು ತಿರುಗಿ ಅವನನ್ನು ನೋಡಿದಳು. ಮತ್ತೆ ಕಿಟಕಿಯ ಕಡೆ ತಿರುಗಿದಳು. ಬಸಿಯನ್ನು ಅವನ ಕೈಗೆ ಕೊಟ್ಟಳು.

"ಆಗಸ್ಟ್ ಹೊತ್ತಿಗೆ ಲೀಕು ಒಣಗತ್ತೆ. ಆಮೇಲೆ ಅಲ್ಲಿಗೆ ಏನು ಹಾಕ್ತೀಯ?"

ಕ್ಲಿಫರ್ಡ್ ಒರೆಸಿದ ಬಸಿಯನ್ನೇ ಮತ್ತೊಮ್ಮೆ ಒರೆಸಿದ. ಈ ಹೂಪಾತಿಯ ಬಗ್ಗೆ ಅವಳು ಅವನಿಗೆ ಎಷ್ಟೋ ಹೇಳಿದ್ದಳು, ಅವನ ಅಭಿಪ್ರಾಯ ಕೇಳಿದ್ದು ಇದೇ ಮೊದಲು.

"ಹುಲ್ಲು ಅಂದಿದ್ದೆಯಲ್ಲ ನೀನು."

"ಹುಲ್ಲಿಗೆ ಮಂಡಿಯೂರೋರು ಬೇಡ. ಇದಕ್ಕೆ ಬೇಕು" ಅಂದಳು ಮೇವಿಸ್. "ನಿನ್ನ ಮಂಡಿ ಹೇಗಿದೆ?"

"ಬುಧವಾರದಿಂದ ನೋಯ್ತಿದೆ."

"ನೋಯ್ಲಿ. ನನಗೂ ನೋಯ್ತಿತ್ತು. ನಾಳೆ ಹೆಸ್ಟರ್ ಹತ್ರ ಹೋಗೋಣ, ನಾನೂ ಬರ್ತೀನಿ" ಅಂದು, ಮುಂದಿನ ತಟ್ಟೆ ಎತ್ತಿಕೊಂಡಳು.